ನಾಲ್ಕು ಡಿಗ್ರಿಯ ಮಿಸ್ತ್ರಿ

ನಾನು ಹೊಡೆಯಲೆಂದು ಕೋಲು ಎತ್ತಿದ ಕೂಡಲೇ ಅವರು ನನಗೆ ಬೆನ್ನು ತಿರುಗಿಸಿ ನಿಂತರು. ಗಾಲ್ಫ್ ಕಲಿಸಲು ಬಂದ ಮನುಷ್ಯ ಶಿಷ್ಯೆಯ ಕಡೆ ನೋಡದೆ ದೂರದ ಗುಡ್ಡ ನೋಡುತ್ತ ನಿಂತರೆ ಏನೆಂದುಕೊಳ್ಳಬೇಕು? ಹೆಂಗಸಿಗೆ ಕಲಿಸಲು ಸಂಕೋಚವೇನೋ ಎಂದುಕೊಂಡೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬೀಸಿದೆ. ಚೆಂಡು ಮೇಲೇಳಲಿಲ್ಲ. ಬೆನ್ನಟ್ಟಿದ ಇಲಿಯ ಹಾಗೆ ಹುಲ್ಲಿನೊಳಗೆ ಹತ್ತು ಮಾರು ಓಡಿ ನಿಂತಿತು.

“ಎತ್ತಾಕ ಹೋದ್ರಿ, ಹೌದಲ್ರಿ ಅಕ್ಕೋರ?” ಎಂದರು, ಇನ್ನೂ ಗುಡ್ಡದ ಕಡೆಗೇ ಮುಖ ಮಾಡಿಕೊಂಡು.

“ನೀವು ನೋಡೇ ಇಲ್ಲ. ಹೆಂಗ ಗೊತ್ತಾತು?”

“ಸಪ್ಪಳ ಹೇಳತೈತ್ರಿ. ಕಣ್ಣು ಚೆಂಡಿನ ಹಿಂದ ಓಡಿ ಹೋಗತೈತಿ, ಪೆಟ್ಟು ನೋಡೂದಿಲ್ಲ. ಕಿವಿ ಎಲ್ಲೂ ಹೋಗೂದಿಲ್ಲ ನೋಡ್ರಿ. ಹೂಂ, ಮತ್ತೊಂದು.”

ಐವತ್ತರ ದಶಕ ಮುಗಿಯುತ್ತಿದ್ದ ಕಾಲವದು. ನಮ್ಮವರು ಹುಬ್ಬಳ್ಳಿಯ ರೈಲು ಕಾರ್ಖಾನೆಯಲ್ಲಿ ಆಗಷ್ಟೇ ಸಹಾಯಕ ಎಂಜಿನಿಯರ್ ಆಗಿದ್ದರು. ನಾನು ಧಾರವಾಡದಲ್ಲಿ ಓದಿ, ಹುಬ್ಬಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅಧಿಕಾರಿಗಳ ಕಾಲನಿಯ ಹಿಂದೆ ಇಂಗ್ಲಿಷರು ಮಾಡಿಟ್ಟು ಹೋದ ಒಂದು ಗಾಲ್ಫ್ ಮೈದಾನವಿತ್ತು. ಮೈದಾನ ಎಂದರೆ ಎರೆನೆಲ. ಮಳೆಗಾಲದಲ್ಲಿ ಹಸಿರು, ಚೈತ್ರ ಬಂತೆಂದರೆ ಅಂಗೈ ಅಗಲದ ಬಿರುಕು. ಬಿರುಕಿನೊಳಗೆ ಬಿದ್ದ ಚೆಂಡು ಮತ್ತೆ ಸಿಕ್ಕಿದ್ದೇ ಇಲ್ಲ. ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳಿನ ವೃತ್ತ. ಇಂಗ್ಲಿಷರು ಹೋದ ಮೇಲೆ ಅವರ ಕುರ್ಚಿಗಳಲ್ಲಿ ಕೂತ ನಮ್ಮವರಿಗೆ ಆ ಆಟವೂ ಕುರ್ಚಿಯ ಜೊತೆಗೇ ಬಂದಿತ್ತು. ಆದರೆ ಆಡಲು ಯಾರಿಗೂ ಬರುತ್ತಿರಲಿಲ್ಲ. ಅವರೆಲ್ಲರಿಗೂ ಕಲಿಸಿದವರು ಕಾರ್ಖಾನೆಯ ಕಮ್ಮಾರಶಾಲೆಯಲ್ಲಿ ದುಡಿಯುತ್ತಿದ್ದ ಈ ಒಬ್ಬ ಮನುಷ್ಯ. ಎಲ್ಲರೂ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ಹೋದ ತಿಂಗಳು ಧಾರವಾಡದ ಸಂತೆಯಲ್ಲಿ ಅವರ ಮಗಳು ಸಿಕ್ಕಿ, “ಅಪ್ಪ ತೀರಿಕೊಂಡು ವರ್ಷಾತ್ರಿ ಅಕ್ಕೋರ” ಎಂದಳು. ಅಂದಿನಿಂದ ಅವರ ಬಗ್ಗೆ ಬರೆಯಬೇಕೆಂದು ಮನಸ್ಸು ಹಟ ಹಿಡಿದಿದೆ.

ಗಿಡ್ಡ ಆಳು. ಖಾಕಿ ಚಡ್ಡಿ, ತಲೆಗೆ ಬಿಳಿ ಟೊಪ್ಪಿಗೆ, ಬಲಗೈ ಹೆಬ್ಬೆರಳಿಗೆ ಉಗುರಿಲ್ಲ. ಯಾವ ಕಾಲದಲ್ಲೋ ಸುತ್ತಿಗೆಯ ಕೆಳಗೆ ಸಿಕ್ಕಿತ್ತಂತೆ. ಎಷ್ಟು ಚೆನ್ನಾಗಿ ಹೊಡೆದರೂ ಹೊಗಳುತ್ತಿರಲಿಲ್ಲ. “ಹೂಂ, ಮತ್ತೊಂದು” ಎನ್ನುವುದೇ ಅವರ ಹೊಗಳಿಕೆ, ಅದೇ ಬೈಗುಳ. ಹೂಂಕಾರ ಎಷ್ಟು ಉದ್ದವಾಯಿತು ಎಂಬುದರ ಮೇಲೆ ನಾವು ತಿಳಿದುಕೊಳ್ಳಬೇಕಿತ್ತು.

ಗಾಲ್ಫ್ ಕೋಲುಗಳಲ್ಲಿ ಕಬ್ಬಿಣದ ತಲೆಯವು ಕೆಲವು, ಕಟ್ಟಿಗೆಯ ತಲೆಯವು ಕೆಲವು. ಕಬ್ಬಿಣದವುಗಳಲ್ಲಿ ಏಳು, ಎಂಟು ನಂಬರಿನವು ಗಿಡ್ಡ. ಅವುಗಳ ಮುಖ ಹಿಂದಕ್ಕೆ ಬಾಗಿರುತ್ತದೆ, ಚೆಂಡು ತಾನಾಗಿ ಮೇಲೇಳುತ್ತದೆ. ಎರಡು, ಮೂರು ನಂಬರಿನವು ಉದ್ದ. ಮುಖ ಹೆಚ್ಚುಕಡಿಮೆ ನೆಟ್ಟಗೆ, ಚಾಕುವಿನ ಹಾಗೆ ತೆಳು. ಹೊಸಬರು ಅದನ್ನು ಕಂಡ ಕೂಡಲೇ ಇದರಿಂದ ಚೆಂಡು ಎದ್ದೀತೆ ಎಂದು ಹೆದರುತ್ತಾರೆ. ಹೆದರಿ, ಸೌಟಿನಿಂದ ಸಾರು ಮೊಗೆದಂತೆ ಕೈಯಿಂದ ಎತ್ತಲು ನೋಡುತ್ತಾರೆ. ಎತ್ತಿದಷ್ಟೂ ಚೆಂಡು ನೆಲ ಹಿಡಿಯುತ್ತದೆ.

“ಚೆಂಡ ಎತ್ತೂ ಕೆಲಸ ಕೋಲಿಂದ್ರಿ. ನಿಮ್ಮದಲ್ಲ. ಅದರ ಕೆಲಸ ನೀವು ಮಾಡಾಕ ಹೋದ್ರ ಅದು ಸಿಟ್ಟಿಗೇಳತೈತಿ” ಎನ್ನುತ್ತಿದ್ದರು.

ಕಬ್ಬಿಣದ ಕೋಲಿಗೆ ಅವರ ಸೂತ್ರ ಒಂದೇ: ಮೊದಲು ಚೆಂಡು, ಆಮೇಲೆ ನೆಲ. ಚೆಂಡಿನ ಮುಂದಿನ ಹುಲ್ಲು ಹರಿಯಬೇಕು, ಹಿಂದಿನದಲ್ಲ. ಕಟ್ಟಿಗೆಯ ಕೋಲಿಗೆ ಬೇರೆ ಮಾತು. ಚೆಂಡು ಎಡಗಾಲಿನ ಹಿಮ್ಮಡದ ನೇರಕ್ಕಿರಬೇಕು, ಕೋಲು ನೆಲ ಸವರಿಕೊಂಡು ಹೋಗಬೇಕು. “ಕಣದಾಗ ಕಸಬರಿಗಿ ಆಡಸೂದು ನೋಡೀರಿಲ್ರಿ? ಹಂಗ. ಕಸಾನ ಯಾರರ ಹೊಡೀತಾರೇನು?”

ನನ್ನ ಚೆಂಡು ಎದ್ದಾಗಲೂ ಬಲಕ್ಕೆ ಬಾಳೆಕಾಯಿಯಂತೆ ಬಾಗಿ ಹೋಗುತ್ತಿತ್ತು. ಅದಕ್ಕೆ ಅವರು ಎರಡು ಜೋಳದ ದಂಟು ತಂದು, ಚೆಂಡಿನ ಆಚೀಚೆ ರೈಲು ಹಳಿಯ ಹಾಗೆ ನೆಲಕ್ಕೆ ಮಲಗಿಸಿದರು. ಕೋಲು ಆ ಹಳಿಗಳ ನಡುವೆಯೇ ಬಂದು ನಡುವೆಯೇ ಹೋಗಬೇಕು. ನಾನು ಬೀಸಿದೆ, ಹೊರಗಿನ ದಂಟು ಮುರಿಯಿತು. ಮತ್ತೆ ಬೀಸಿದೆ, ಮತ್ತೆ ಅದೇ ದಂಟು.

“ಬಲಭುಜಕ್ಕ ಭಾಳ ಅವಸರ್ರಿ ಅಕ್ಕೋರ. ಅದ ಮೊದಲ ಹೊಂಟರ ಗಾಡಿ ಹಳಿ ಬಿಡತೈತಿ. ಒಂದು ಮಾತು ಹೇಳಿಕೊಡ್ತೇನಿ, ಅಂತ ಬೀಸ್ರಿ. ಕೋಲು ಹಿಂದಕ್ಕ ಒಯ್ಯೂವಾಗ ‘ಗರಗಕ್ಕ ಹೋಗಿ’, ಮುಂದಕ್ಕ ತರೂವಾಗ ‘ಬಂದೆ’.”

ಗರಗ ಧಾರವಾಡದ ಹತ್ತಿರದ ಒಂದು ಊರು. ಮರುದಿನದಿಂದ ಆ ಬಯಲಿನಲ್ಲಿ ನಾನು ದಿನಕ್ಕೆ ಐವತ್ತು ಸಲ ಗರಗಕ್ಕೆ ಹೋಗಿ ಬರುತ್ತಿದ್ದೆ. ನಮ್ಮವರು ನಗುತ್ತಿದ್ದರು. ಆದರೆ ಗಣಿತದವಳಾದ ನನಗೆ ಅದರಲ್ಲಿನ ಲೆಕ್ಕ ಕಂಡಿತು. ಹೋಗುವುದಕ್ಕೆ ಬರುವುದರ ಮೂರರಷ್ಟು ಹೊತ್ತು. ದಂಟು ಮುರಿಯುವುದು ನಿಂತಿತು.

ಇಷ್ಟೆಲ್ಲ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದೆ. ಹರೆಯದಲ್ಲಿ ಇಂಗ್ಲಿಷ್ ಸಾಹೇಬರ ಕೋಲಿನ ಚೀಲ ಹೊತ್ತಿದ್ದರಂತೆ. ಮೈದಾನದಲ್ಲಿ ಚೆಂಡು ಮುಟ್ಟುವ ಹಾಗಿರಲಿಲ್ಲ. ಅದಕ್ಕೆ ಹಳೆಯ ಹಳಿಯ ಮೊಳೆಯೊಂದನ್ನು ಬಡಿದು ತಾವೇ ಒಂದು ಕೋಲು ಮಾಡಿಕೊಂಡು, ಸುಗ್ಗಿ ಮುಗಿದ ಮೇಲೆ ತಮ್ಮೂರು ಅಮ್ಮಿನಬಾವಿಯ ಖಾಲಿ ಕಣದಲ್ಲಿ ಹೊಡೆದು ಹೊಡೆದು ಕಲಿತರಂತೆ. “ಊರ ಮಂದಿ ಇಂವಗ ದೆವ್ವ ಬಡದೈತಿ ಅಂದ್ರು. ನಮ್ಮವ್ವ ಅಂತ್ರ ಕಟ್ಟಿಸಿದ್ಳು” ಎಂದು ನಕ್ಕರು.

ನನ್ನ ಮೂರನೇ ನಂಬರಿನ ಕೋಲನ್ನು ಕೊಟ್ಟವರೂ ಅವರೇ. ಯಾರೋ ಬಿಟ್ಟುಹೋದ ಹಳೆಯದನ್ನು ಸಾಣೆ ಹಿಡಿದು, ಹಿಡಿಕೆಗೆ ಹೊಸ ತೊಗಲು ಸುತ್ತಿ ತಂದಿದ್ದರು. ಮೊದಲ ತಿಂಗಳಿನಲ್ಲೇ ಅದರಿಂದ ನನ್ನ ಚೆಂಡು ಮೇಲೇಳತೊಡಗಿತು. ಎಲ್ಲರೂ ಕಷ್ಟವೆನ್ನುವ ಕೋಲು ನನಗೆ ಒಲಿಯಿತಲ್ಲ ಎಂದು ಹಿಗ್ಗಿದೆ. ಹಿಗ್ಗಿನ ಹಿಂದೆಯೇ ಒಂದು ಸಂಶಯವೂ ಬಂತು. ಮೈದಾನದ ಅಂಚಿನ ಆಟದ ಮನೆಯ ಕಪಾಟಿನಲ್ಲಿ ಹಿಂದಿನ ಇಂಗ್ಲಿಷ್ ಅಧಿಕಾರಿಯೊಬ್ಬರ ಕೋಲುಗಳಿದ್ದವು, ಯಾರೂ ಮುಟ್ಟದೆ ಬಿಟ್ಟವು. ಅದರಲ್ಲಿನ ಮೂರನೇ ನಂಬರನ್ನು ನನ್ನದರ ಪಕ್ಕ ಹಿಡಿದರೆ ಎರಡರ ಮುಖವೂ ಒಂದೇ ಥರ ಕಾಣಲಿಲ್ಲ.

ಕುತೂಹಲ ಕೆಟ್ಟದ್ದು. ಶಾಲೆಯಿಂದ ಕರಿಹಲಗೆಯ ಮೇಲೆ ಬಳಸುವ ಕಟ್ಟಿಗೆಯ ದೊಡ್ಡ ಕೋನಮಾಪಕವನ್ನೂ, ಆಟದ ಮನೆಯಿಂದ ಆ ಇಂಗ್ಲಿಷ್ ಕೋಲನ್ನೂ ಮನೆಗೆ ತಂದೆ. ಒಂದೊಂದೇ ಕೋಲನ್ನು ಬಾಗಿಲ ಚೌಕಟ್ಟಿಗೆ ನೆಟ್ಟಗೆ ಆನಿಸಿ, ಅದರ ಮುಖಕ್ಕೊಂದು ದಪ್ಪ ರಟ್ಟು ಹಚ್ಚಿ ಅಳೆದೆ. ಇಂಗ್ಲಿಷ್ ಸಾಹೇಬರದು ಇಪ್ಪತ್ತಮೂರು ಡಿಗ್ರಿ. ನನ್ನದು ಇಪ್ಪತ್ತೇಳು. ಯಾರೋ ನನ್ನ ಕೋಲಿನ ಮುಖವನ್ನು ನಾಲ್ಕು ಡಿಗ್ರಿ ಹಿಂದಕ್ಕೆ ಮಲಗಿಸಿದ್ದರು.

ನಾನು ಬಾಯಿ ಬಿಡಲಿಲ್ಲ. ಕೆಲವು ವಾರ ಕಳೆದ ಮೇಲೆ ಮಿಸ್ತ್ರಿ, “ಹಿಡಿಕಿ ತೊಗಲು ಸಡ್ಲ ಆಗೇತ್ರಿ, ಕೊಡ್ರಿ, ಬಿಗಿ ಮಾಡಿಕೊಂಡ ಬರ್ತೇನಿ” ಎಂದು ಕೋಲು ಒಯ್ದರು. ತೊಗಲು ಸಡಿಲಾಗಿರಲಿಲ್ಲ. ವಾಪಸು ಬಂದ ಮೇಲೆ ಅಳೆದರೆ ಇಪ್ಪತ್ತಾರು. ದೀಪಾವಳಿಯ ಹೊತ್ತಿಗೆ ಮತ್ತೆ ತೊಗಲು ಸಡಿಲಾಯಿತು, ಇಪ್ಪತ್ತೈದು. ಸಂಕ್ರಾಂತಿ ಕಳೆದ ಮೇಲೆ ಇಪ್ಪತ್ತನಾಲ್ಕು. ಚೆಂಡು ಮಾತ್ರ ಅಷ್ಟೇ ಮೇಲಕ್ಕೆ ಏಳುತ್ತಲೇ ಇತ್ತು. ನನಗೆ ತಿಳಿಯದಂತೆ ನನ್ನನ್ನು ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದರು. ಆ ಅಂಕಿಗಳನ್ನು ನಾನು ಪಾಠದ ಟಿಪ್ಪಣಿಯ ಹಿಂಬದಿಗೆ ಬರೆದಿಟ್ಟುಕೊಂಡೆ. ಹದಿನೈದು ವರ್ಷ ಶಾಲೆ-ಕಾಲೇಜುಗಳಲ್ಲಿ ಕಲಿತವಳು ನಾನು. ಇಂಥ ಉಪಾಧ್ಯಾಯರನ್ನು ಕಂಡಿರಲಿಲ್ಲ.

ಇಷ್ಟು ತಿಳಿದ ನಾನು ಸುಮ್ಮನಿರಬೇಕಿತ್ತು.

ಆ ವರ್ಷ ಬೇರೆ ಊರಿನ ಅಧಿಕಾರಿಗಳು ಪಂದ್ಯಕ್ಕೆ ಬಂದಿದ್ದರು. ನಮ್ಮ ಕಡೆಯ ಮುಖ್ಯಸ್ಥರು ಕಾರ್ಖಾನೆಯ ದೊಡ್ಡ ಸಾಹೇಬರೇ. ಮೈಸೂರು ಕಡೆಯವರು, ಗತ್ತಿನ ಮನುಷ್ಯ. ಗಾಲ್ಫ್ ಮಂಡಳಿಯ ಅಧ್ಯಕ್ಷರೂ ಹೌದು. ಅವರೂ ಮಿಸ್ತ್ರಿಯ ಕೈಯಲ್ಲಿ ಪಳಗಿದವರೇ. ಅಂದು ಕೊನೆಯ ಕುಳಿಯಲ್ಲಿ, ಎದುರುಗಾಳಿಯಲ್ಲಿ, ಮೂರನೇ ನಂಬರಿನ ಕಬ್ಬಿಣದಿಂದ ಅವರು ಹೊಡೆದ ಚೆಂಡು ನೆಟ್ಟಗೆ ಮುಗಿಲಿಗೆ ಏರಿ, ಮರಳಿನ ವೃತ್ತದ ಅಂಚಿಗೆ ಬಂದು ಕೂತಿತು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಮಿಸ್ತ್ರಿ ಅಲ್ಲೇ ಎಲ್ಲೋ ಬೆನ್ನು ಮಾಡಿ ನಿಂತಿದ್ದರು.

ಮುಂದಿನ ರವಿವಾರ ಆಟದ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಸಾಹೇಬರು ಆ ಹೊಡೆತವನ್ನು ನಾಲ್ಕನೆಯ ಸಲ ವರ್ಣಿಸುತ್ತಿದ್ದರು. “ಮೂರನೇ ನಂಬರಲ್ಲಿ ಅಷ್ಟು ಎತ್ತರ ಹೊಡೆಯೋರು ಈ ಊರಲ್ಲಿ ಇನ್ಯಾರಿದ್ದಾರೆ ತೋರಿಸಿ” ಎಂದರು.

ನನ್ನ ಬಾಯಿಂದ ಮಾತು ಜಾರಿತು. “ಸರ್, ಹೊಸಬರ ಕೋಲನ್ನು ಮಿಸ್ತ್ರಿ ನಾಲ್ಕು ಡಿಗ್ರಿ ಹಿಂದಕ್ಕೆ ಮಲಗಿಸಿರ್ತಾರೆ. ನಿಮ್ಮದೂ ಹಾಗೇ ಇದೆಯೋ ಏನೋ, ಒಮ್ಮೆ ಅಳೆದು ನೋಡಬೇಕು ಅಂತ ನನಗೆ ಬಹಳ ಕುತೂಹಲ.”

ಚುಚ್ಚಬೇಕೆಂದು ಆಡಿದ್ದಲ್ಲ. ನಿಜವಾಗಿಯೂ ಕುತೂಹಲವಿತ್ತು. ಆದರೆ ಪಡಸಾಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಕಪ್ಪು ಕೆಳಗಿಟ್ಟು ಎದ್ದು ಹೋದರು.

ಮರುದಿನವೇ ಮಿಸ್ತ್ರಿಗೆ ಮೈದಾನದಲ್ಲಿ ಕಾಲಿಡಬಾರದೆಂದು ಆಜ್ಞೆಯಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಕಾರ್ಖಾನೆಯ ಸಲಕರಣೆಗಳನ್ನು ಖಾಸಗಿ ಕೆಲಸಕ್ಕೆ ಬಳಸಿದ್ದೇಕೆ, ಅಧಿಕಾರಿಗಳ ವಸ್ತುಗಳನ್ನು ಕೆಡಿಸಿದ್ದೇಕೆ ಎಂದು ನೋಟಿಸೂ ಬಂತು. ಉತ್ತರ ಸರಿಯಿಲ್ಲದಿದ್ದರೆ ಕೆಲಸ ಹೋಗುತ್ತದೆ ಎಂದು ನಮ್ಮವರು ಊಟಕ್ಕೆ ಕೂತಾಗ ಹೇಳಿದರು.

ಮರುದಿನ ಸಂಜೆ ಶಾಲೆಯಿಂದ ನೆಟ್ಟಗೆ ಕಾರ್ಮಿಕರ ಸಾಲುಮನೆಗಳ ಚಾಳಿಗೆ ಹೋದೆ. ಮಿಸ್ತ್ರಿ ಕಟ್ಟೆಯ ಮೇಲೆ ಕೂತು ಅರದಿಂದ ಕುಡುಗೋಲಿಗೆ ಹಲ್ಲು ಹಾಕುತ್ತಿದ್ದರು. ಅವರ ಹೆಂಡತಿ ಚಾಪೆ ಹಾಸಿ, “ಬರ್ರಿ ಅಕ್ಕೋರ, ಒಳಗ ಬರ್ರಿ” ಎಂದು ಕರೆದರು. ಹೇಳಬೇಕೆಂದು ಬಂದದ್ದು ಹೇಳಲಾಗದೆ ಅತ್ತುಬಿಟ್ಟೆ.

ಮಿಸ್ತ್ರಿ ಅರ ಕೆಳಗಿಟ್ಟರು. “ಅಳದದ್ದು ಆತು. ಇನ್ನ ಅಳೂದು ಬ್ಯಾಡ್ರಿ. ನೀವು ಅಳದದ್ದು ಖರೇನ ಐತಿ. ಹೆಣ್ಣಮಕ್ಕಳಿಗೆ ಖರೇ ಲೆಕ್ಕ ಕಲಸೋರು ನೀವು. ಖರೇ ಹೇಳಿದ್ದಕ್ಕ ಅತ್ತರ ಹೆಂಗ?”

“ನಾನು ಅಳೀತಿರೂದು ನಿಮಗ ಗೊತ್ತಿತ್ತೇನು?”

“ಕೋಲಿನ ಮಾರಿ ಮ್ಯಾಲೆ ಸುಣ್ಣದ ಬಳಪದ ಪುಡಿ ಹತ್ತಿರತಿತ್ತಲ್ರಿ.”

ಕಣ್ಣೀರಿನ ನಡುವೆ ನಗು ಬಂತು. ಯಾಕೆ ಹಾಗೆ ಮಾಡುತ್ತಿದ್ದಿರಿ, ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದೆ. ಅಂಥ ಹೊತ್ತಿನಲ್ಲೂ ನನ್ನ ಕುತೂಹಲ ಬಿಡಲಿಲ್ಲ.

“ಬೆಂಕಿಗೆ ಹಿಡದ್ರ ಕಬ್ಬಿಣ ಸತ್ತು ಹೋಗತೈತ್ರಿ. ಎರಡೂ ಕಡೆ ಸೀಸದ ತಗಡು ಇಟ್ಟು, ವೈಸಿನ ಇಕ್ಕಳದಾಗ ಕಚ್ಚಿಸಿ, ಕುತ್ತಿಗಿ ಹತ್ರ ಸಾವಕಾಶ ಒತ್ತಬೇಕು. ಯಾಕಂತೀರಿ? ಹೊಸಬರ ಕೈಗೆ ನಂಬಿಗಿ ಇರೂದಿಲ್ಲ. ಮಾತಿನ್ಯಾಗ ಹೇಳಿದ್ರ ಕಿವಿ ಕೇಳತೈತಿ, ಕೈ ಕೇಳೂದಿಲ್ಲ. ಚೆಂಡು ನಾಕ ಸಲ ತಾನಾಗಿ ಎದ್ದದ್ದು ಕಂಡ್ರ ಕೈ ಎತ್ತೂದು ಬಿಡತೈತಿ. ಬಿಟ್ಟಮ್ಯಾಲೆ ನಾನು ಕಬ್ಬಿಣ ಒಂದೊಂದ ಕೂದಲೆಳಿ ನೆಟ್ಟಗ ಮಾಡ್ತೇನಿ. ಕೈಗೆ ಗೊತ್ತಾಗೂದಿಲ್ಲ.”

“ಸಾಹೇಬರದು ಈಗ ಎಷ್ಟಕ್ಕ ಬಂದದ?”

ಅವರು ಮತ್ತೆ ಅರ ಕೈಗೆತ್ತಿಕೊಂಡರು. “ಅವರ ಕೋಲು ಅವರ ಕಡೆ ಐತ್ರಿ.”

“ನೀವೇ ಹೇಳಬಹುದಲ್ಲ?”

“ನಾ ಹೇಳಿದ್ರ ನೌಕರಿ ಉಳಿಸಿಕೊಳ್ಳಾಕ ಹೇಳಿದಂಗ ಆಗತೈತಿ. ಅಳತೀನ ತಾನಾಗಿ ಹೇಳಿದ್ರ ಅದು ಬ್ಯಾರೆ.”

ಮುಂದಿನ ರವಿವಾರ ಮಂಡಳಿಯ ಸಭೆ. ಹೆಂಗಸರಿಗೆ ಅಲ್ಲಿ ಮಾತಿನ ಹಕ್ಕಿರಲಿಲ್ಲ, ಆದರೂ ಹೋಗಿ ಅಳತೆ ತೋರಿಸುತ್ತೇನೆಂದು ಹಟ ಹಿಡಿದಿದ್ದೆ. ನಮ್ಮವರು ಮುಂಜಾನೆಯಿಂದ ಮನೆಯೊಳಗೆ ಅಡ್ಡಾಡುತ್ತಿದ್ದರು. “ನನ್ನ ನೌಕರಿ ಇನ್ನ ಕಾಯಂ ಆಗಿಲ್ಲ, ಗೊತ್ತದ ಇಲ್ಲೋ ನಿನಗ?” ಎಂದರು. ಗೊತ್ತಿದೆ ಎಂದೆ. ಅವರು ಆ ದೊಡ್ಡ ಕೋನಮಾಪಕವನ್ನು ತಾವೇ ಬಗಲಲ್ಲಿ ಹಿಡಿದುಕೊಂಡು ನನಗಿಂತ ಮೊದಲು ಮೆಟ್ಟಿಲಿಳಿದರು. ನಮ್ಮ ದಾಂಪತ್ಯದಲ್ಲಿ ಆಮೇಲೆ ಏನೇ ಜಗಳವಾದರೂ ಆ ಮುಂಜಾನೆ ನೆನೆಸಿಕೊಂಡು ನಾನು ಸೋತಿದ್ದೇನೆ.

ಸಭೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ನಾನು ಟಿಪ್ಪಣಿ ಪುಸ್ತಕ ತೆರೆದು ನನ್ನ ಕೋಲಿನ ಅಂಕಿಗಳನ್ನು ಓದಿದೆ: ಇಪ್ಪತ್ತೇಳು, ಇಪ್ಪತ್ತಾರು, ಇಪ್ಪತ್ತೈದು, ಇಪ್ಪತ್ತನಾಲ್ಕು. “ಇದು ಕೆಡಿಸೂದಲ್ಲ, ಸರ್. ಕಲಿಸೂದು. ನಿಮ್ಮ ಮೂರನೇ ನಂಬರು ಕೊಟ್ಟರೆ ಅದನ್ನೂ ಅಳೆದು ತೋರಿಸುತ್ತೇನೆ.”

ಸಾಹೇಬರ ಮುಖ ಕೆಂಪಾಗಿತ್ತು. ಕೊಡುವುದಿಲ್ಲ ಎಂದರೆ ಅಂಜಿದಂತೆ. ಕೊಟ್ಟು ನಾಲ್ಕು ಡಿಗ್ರಿ ಹೆಚ್ಚು ಬಂದರೆ ಎಲ್ಲರೆದುರು ಮರ್ಯಾದೆ ಹೋದಂತೆ. ಅದು ಎಷ್ಟು ಬರುತ್ತದೋ ನನಗೂ ಗೊತ್ತಿರಲಿಲ್ಲ. ಹೆಚ್ಚು ಬಂದರೆ ಮಿಸ್ತ್ರಿಯ ಕೆಲಸವನ್ನು ನಾನೇ ನನ್ನ ಕೈಯಾರೆ ಮುಗಿಸಿದಂತಾಗುತ್ತಿತ್ತು. ಕೊನೆಗೆ ಸಾಹೇಬರು ಚೀಲದಿಂದ ಕೋಲು ಎಳೆದು ನನ್ನತ್ತ ನೀಡಿದರು.

ಬಾಗಿಲ ಚೌಕಟ್ಟಿಗೆ ಆನಿಸಿದೆ. ರಟ್ಟು ಹಚ್ಚಿದೆ. ನಮ್ಮವರು ಕೋನಮಾಪಕ ಹಿಡಿದರು. ಇಪ್ಪತ್ತಮೂರು.

“ಇನ್ನೊಂದು ಸಲ ನೋಡಿ” ಎಂದರು ಸಾಹೇಬರು.

ಇಪ್ಪತ್ತಮೂರೇ. ಕಪಾಟಿನ ಇಂಗ್ಲಿಷ್ ಕೋಲನ್ನು ಪಕ್ಕ ಹಿಡಿದು ತೋರಿಸಿದೆ. ಕೂದಲೆಳೆಯ ಅಂತರವೂ ಇರಲಿಲ್ಲ. ಮಿಸ್ತ್ರಿ ಅದನ್ನು ಪಂದ್ಯಕ್ಕೆ ಮೊದಲೇ ಯಾವಾಗಲೋ ಪೂರ್ತಿ ನೆಟ್ಟಗೆ ಮಾಡಿ ಕೊಟ್ಟಿದ್ದರು.

“ಹಾಗಾದರೆ ಅವತ್ತಿನ ಆ ಹೊಡೆತ...” ಸಾಹೇಬರು ಮಾತು ನಿಲ್ಲಿಸಿದರು.

“ಅದು ನಿಮ್ಮದೇ, ಸರ್.”

ಅವರು ಟೋಪಿ ಎತ್ತಿಕೊಂಡು ಹೊರಗೆ ಹೋದರು. ಸಭೆ ತಾನಾಗಿ ಮುಗಿಯಿತು. ಎರಡು ದಿನ ಏನೂ ಆಗಲಿಲ್ಲ. ನೋಟಿಸು ಹಾಗೇ ಇತ್ತು.

ಮೂರನೆಯ ದಿನದ್ದನ್ನು ನಮ್ಮವರು ಕಣ್ಣಾರೆ ಕಂಡು ಬಂದು ಹೇಳಿದರು. ಮಧ್ಯಾಹ್ನ, ಕಮ್ಮಾರಶಾಲೆಯ ಕುಲುಮೆಗಳೆಲ್ಲ ಉರಿಯುತ್ತಿದ್ದ ಹೊತ್ತು. ದೊಡ್ಡ ಸಾಹೇಬರು ಒಬ್ಬರೇ, ಜವಾನನಿಲ್ಲದೆ, ಹೆಗಲ ಮೇಲೆ ಗಾಲ್ಫ್ ಕೋಲೊಂದನ್ನು ಇಟ್ಟುಕೊಂಡು ಒಳಗೆ ಬಂದರಂತೆ. ಸುತ್ತಿಗೆಗಳು ಒಂದೊಂದಾಗಿ ನಿಂತವು. ಮಿಸ್ತ್ರಿ ಮಾತ್ರ ಕೈಯಲ್ಲಿನ ಕಾದ ಕಬ್ಬಿಣ ಬಿಡುವ ಹಾಗಿರಲಿಲ್ಲ. ಸಾಹೇಬರು ಆ ಸೆಕೆಯಲ್ಲಿ, ಅಷ್ಟು ಜನರ ನಡುವೆ, ಅವರ ಕೆಲಸ ಮುಗಿಯುವವರೆಗೆ ನಿಂತುಕೊಂಡಿದ್ದರು.

“ನೋಟಿಸು ವಾಪಸು ತಗೊಂಡಿದ್ದೇನೆ” ಎಂದರು. ಆಮೇಲೆ ಕೋಲು ಮುಂದೆ ಚಾಚಿದರು. “ಇದು ನನ್ನ ಎರಡನೇ ನಂಬರು. ಮನೇಲಿ ನಾನೇ ಅಳೆದು ನೋಡಿದೆ. ಇದಿನ್ನೂ ಹಿಂದಕ್ಕೆ ಮಲಗಿದೆ. ಸರಿ ಮಾಡಿಕೊಡಿ, ಮಿಸ್ತ್ರಿ.”

ಅಲ್ಲಿಯವರೆಗೆ ಅವರು ಮಿಸ್ತ್ರಿಗೆ ‘ನೀನು’ ಎನ್ನುತ್ತಿದ್ದರು. ‘ಕೊಡಿ’ ಎಂದದ್ದು ಅದೇ ಮೊದಲು.

ಮಿಸ್ತ್ರಿ ಕೈ ಒರೆಸಿಕೊಂಡು ಕೋಲು ತೆಗೆದುಕೊಂಡರು. ಅದರ ಮುಖದ ಮೇಲೆ ಉಗುರಿಲ್ಲದ ಹೆಬ್ಬೆರಳು ಆಡಿಸಿ, ಒಂದು ಗಳಿಗೆ ಯೋಚಿಸಿ, ಸಾಹೇಬರಿಗೇ ವಾಪಸು ಕೊಟ್ಟರು.

“ಇದು ಇನ್ನೊಂದ ಎರಡ ತಿಂಗಳು ಹಿಂಗ ಇರಲ್ರಿ ಸಾಹೇಬ್ರ.”

ಸಾಹೇಬರು ಕೋಲನ್ನು ಮತ್ತೆ ಹೆಗಲಿಗೇರಿಸಿ ಬಾಗಿಲವರೆಗೆ ಹೋದರು. ಅಲ್ಲಿ ನಿಂತು ಹೊರಳಿ ಕೇಳಿದರು:

“ಎರಡು ತಿಂಗಳು ಅಂದರೆ ಎರಡೇ ತಾನೆ?”

“ನಿಮ್ಮ ಕೈ ನೋಡಿ ಹೇಳ್ತೇನ್ರಿ” ಎಂದರು ಮಿಸ್ತ್ರಿ.